ತಾರೀಖು ತಪ್ಪಿದ ಪ್ರಜಾಪ್ರಭುತ್ವ

2019ರ ಡಿಸೆಂಬರ್ 5ರಂದು ಕರ್ನಾಟಕದ 15 ವಿಧಾನಸಭಾ ಕ್ಷೇತ್ರಗಳಲ್ಲಿ ಉಪಚುನಾವಣೆ ನಡೆದಾಗ ಹೊಸಕೋಟೆಯಲ್ಲಿ ನೂರಕ್ಕೆ ತೊಂಬತ್ತು ಮಂದಿ ಮತ ಹಾಕಿದರು. ಅದೇ ಹಳೇ ಮದ್ರಾಸ್ ರಸ್ತೆಯಲ್ಲಿ ಬೆಂಗಳೂರಿನ ಕಡೆಗೆ ಬಂದರೆ ಸಿಗುವ ಕೆ.ಆರ್. ಪುರದಲ್ಲಿ ಅರ್ಧದಷ್ಟು ಮತದಾರರೂ ಮನೆಯಿಂದ ಹೊರಡಲಿಲ್ಲ. ಹೊಸಕೋಟೆ ಇರುವ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಮಟ್ಟಿಗೆ ಇದು ಹೊಸ ಸಂಗತಿಯಲ್ಲ. ಚುನಾವಣೆಯ ದಿನ ಸಾಲಿನಲ್ಲಿ ನಿಲ್ಲುವ ವಿಚಾರದಲ್ಲಿ ಇಲ್ಲಿನ ಹಳ್ಳಿಗಳು ರಾಜಧಾನಿಯನ್ನು ಹಿಂದೆ ಹಾಕುತ್ತಲೇ ಬಂದಿವೆ.

ಇದೇ ಜನ ತಮ್ಮ ಜಿಲ್ಲಾ ಪಂಚಾಯಿತಿ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ಕೊನೆಯ ಸಲ ಮತ ಹಾಕಿದ್ದು 2016ರ ಫೆಬ್ರವರಿಯಲ್ಲಿ. ಆಗ ಆಯ್ಕೆಯಾದವರ ಅವಧಿ 2021ರ ಬೇಸಿಗೆಯಲ್ಲಿ ಮುಗಿಯಿತು. 2025 ಕಳೆಯುವ ಹೊತ್ತಿಗೂ ಮುಂದಿನ ಚುನಾವಣೆ ನಡೆದಿರಲಿಲ್ಲ. ಆ ಫೆಬ್ರವರಿಯಲ್ಲಿ ಹದಿನೇಳು ತುಂಬಿದ್ದ ಹುಡುಗಿಗೆ ಇಪ್ಪತ್ತಾರು ದಾಟಿತು. ಈ ನಡುವೆ ಅವಳು ಎರಡು ಲೋಕಸಭೆ, ಎರಡು ವಿಧಾನಸಭೆಗೆ ಮತ ಹಾಕಿದಳು. ತನ್ನ ತಾಲ್ಲೂಕಿನ ಶಾಲೆ, ಆಸ್ಪತ್ರೆ, ಕುಡಿಯುವ ನೀರು, ರಸ್ತೆ ನೋಡಿಕೊಳ್ಳಬೇಕಾದ ಸಂಸ್ಥೆಗೆ ಒಂದು ಸಲವೂ ಮತ ಹಾಕಲಿಲ್ಲ.

ಪ್ರಜಾಪ್ರಭುತ್ವ ಎಷ್ಟು ನಾಜೂಕು ಎಂಬ ಚರ್ಚೆ ಬಂದಾಗಲೆಲ್ಲ ಮಾತು ಟ್ಯಾಂಕು, ಸರ್ವಾಧಿಕಾರಿ, ತುರ್ತು ಪರಿಸ್ಥಿತಿಯ ಕಡೆಗೆ ಹೋಗುತ್ತದೆ. ಹೋಗಬೇಕಾದದ್ದೇ. 1975ರ ಜೂನ್‌ನಿಂದ 1977ರ ಮಾರ್ಚ್‌ವರೆಗಿನ 21 ತಿಂಗಳನ್ನು ಬೆಂಗಳೂರಿನ ಜೈಲು ಕಂಡಿದೆ. ಆದರೆ ಈ ಜಿಲ್ಲೆಯ ಕಳೆದ ಹತ್ತು ವರ್ಷದ ಅನುಭವ ಬೇರೆಯೇ ಒಂದು ದುರ್ಬಲ ಜಾಗವನ್ನು ತೋರಿಸುತ್ತದೆ. ಅದು ಒಂದು ಚುನಾವಣೆಗೂ ಇನ್ನೊಂದಕ್ಕೂ ನಡುವಿನ ಕಾಲ. ಆ ಕಾಲದಲ್ಲಿ ಜನರ ಪರವಾಗಿ ಪ್ರಶ್ನೆ ಕೇಳಬೇಕಾದ ಕುರ್ಚಿಗಳನ್ನು ಸದ್ದಿಲ್ಲದೆ ಖಾಲಿ ಇಡಬಹುದು. ಅದಕ್ಕೆ ಯಾವ ಘೋಷಣೆಯೂ ಬೇಕಿಲ್ಲ.

ಜಗತ್ತಿನ ಪಾಠ

ಅಮೆರಿಕದ ಇಬ್ಬರು ರಾಜಕೀಯ ವಿಜ್ಞಾನಿಗಳು, ಸ್ಟೀವನ್ ಲೆವಿಟ್‌ಸ್ಕಿ ಮತ್ತು ಡೇನಿಯಲ್ ಝಿಬ್ಲಾಟ್, 2018ರಲ್ಲಿ ಪ್ರಕಟಿಸಿದ ಪುಸ್ತಕವೊಂದು ಈ ವಿಷಯವನ್ನು ಜಗತ್ತಿನ ಮುಂದಿಟ್ಟಿತು. ಶೀತಲ ಸಮರ ಮುಗಿದ ಮೇಲೆ ಪ್ರಜಾಪ್ರಭುತ್ವಗಳು ಕುಸಿದದ್ದು ಹೆಚ್ಚಾಗಿ ಸೇನೆಯಿಂದಲ್ಲ, ಚುನಾವಣೆ ಗೆದ್ದು ಬಂದವರಿಂದಲೇ ಎಂಬುದು ಅವರ ವಾದ. ಹಂಗೆರಿಯನ್ನು ಎಲ್ಲರೂ ಉದಾಹರಿಸುತ್ತಾರೆ. 2010ರಲ್ಲಿ ಮೂರನೇ ಎರಡರಷ್ಟು ಬಹುಮತ ಪಡೆದ ವಿಕ್ಟರ್ ಓರ್ಬಾನ್ ಅವರ ಪಕ್ಷ ಮುಂದಿನ ವರ್ಷವೇ ಹೊಸ ಸಂವಿಧಾನ ತಂದಿತು. ನಂತರ ನ್ಯಾಯಾಲಯ, ಮಾಧ್ಯಮ, ಕ್ಷೇತ್ರಗಳ ಗಡಿ ಎಲ್ಲವೂ ಒಂದೊಂದಾಗಿ ಬದಲಾದವು. ಪ್ರತಿಯೊಂದು ಬದಲಾವಣೆಗೂ ಕಾನೂನಿನ ಮೊಹರು ಇತ್ತು.

ದಕ್ಷಿಣ ಕೊರಿಯಾದಲ್ಲಿ ನಡೆದದ್ದು ಇದಕ್ಕೆ ವಿರುದ್ಧ. 2024ರ ಡಿಸೆಂಬರ್ 3ರ ರಾತ್ರಿ ಅಧ್ಯಕ್ಷ ಯೂನ್ ಸುಕ್ ಯೋಲ್ ಸೇನಾಡಳಿತ ಘೋಷಿಸಿದರು. ಜನ ಸಂಸತ್ ಭವನದ ಸುತ್ತ ಜಮಾಯಿಸಿದರು, ಸಂಸದರು ಬೇಲಿ ಹತ್ತಿ ಒಳಗೆ ಹೋದರು. ಹಾಜರಿದ್ದ 190 ಸಂಸದರೂ ಅದರ ವಿರುದ್ಧ ಮತ ಹಾಕಿದರು. ಸುಮಾರು ಆರು ಗಂಟೆಯೊಳಗೆ ಆದೇಶ ಹಿಂದೆ ಸರಿಯಿತು. 2025ರ ಏಪ್ರಿಲ್ 4ರಂದು ಸಂವಿಧಾನ ನ್ಯಾಯಾಲಯ ಅಧ್ಯಕ್ಷರನ್ನೇ ಪದಚ್ಯುತಗೊಳಿಸಿತು. ಎದ್ದು ಕಾಣುವ ಅಪಾಯಕ್ಕೆ ಜನ ಎದ್ದು ನಿಲ್ಲುತ್ತಾರೆ. ಕಾಣದಂತೆ ಬರುವ ಅಪಾಯಕ್ಕೆ ಯಾರೂ ರಾತ್ರಿ ನಿದ್ದೆಗೆಟ್ಟು ಬೀದಿಗೆ ಬರುವುದಿಲ್ಲ. ಜಿಲ್ಲಾ ಪಂಚಾಯಿತಿ ಸದಸ್ಯರ ಅವಧಿ ಮುಗಿದ ದಿನ ದೇವನಹಳ್ಳಿಯಲ್ಲಾಗಲಿ ನೆಲಮಂಗಲದಲ್ಲಾಗಲಿ ಯಾರೂ ಬೇಲಿ ಹತ್ತಲಿಲ್ಲ.

ಖಾಲಿ ಕುರ್ಚಿಗಳ ಹಳೆಯ ಚರಿತ್ರೆ

ಬೆಂಗಳೂರು ಗ್ರಾಮಾಂತರ ಜಿಲ್ಲೆ ಹುಟ್ಟಿದ್ದು 1986ರ ಆಗಸ್ಟ್ 15ರಂದು. ಅದಾದ ಐದು ತಿಂಗಳಿಗೆ, 1987ರ ಜನವರಿಯಲ್ಲಿ, ಕರ್ನಾಟಕ ತನ್ನ ಹೊಸ ಜಿಲ್ಲಾ ಪರಿಷತ್ತುಗಳಿಗೂ ಮಂಡಲ ಪಂಚಾಯಿತಿಗಳಿಗೂ ಚುನಾವಣೆ ನಡೆಸಿತು. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ. ಕೊಳವೆಬಾವಿಗಳಿಂದಾಗಿ 'ನೀರ್ ಸಾಬ್' ಎಂದೇ ಹೆಸರಾಗಿದ್ದ ಅಬ್ದುಲ್ ನಜೀರ್ ಸಾಬ್ ಪಂಚಾಯತ್ ರಾಜ್ ಸಚಿವರು. ಅವರು ತಂದ 1983ರ ಕಾಯ್ದೆ ಮಹಿಳೆಯರಿಗೆ ನೂರಕ್ಕೆ 25 ಸ್ಥಾನ ಮೀಸಲಿಟ್ಟಿತು, ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಕೊಟ್ಟಿತು. ದೇಶದ ಸಂವಿಧಾನಕ್ಕೆ 73ನೇ ತಿದ್ದುಪಡಿ ಬರುವ ಮೊದಲೇ ಕರ್ನಾಟಕ ಆ ಹಾದಿ ಹಿಡಿದಿತ್ತು.

ಐದು ವರ್ಷ ಕಳೆದು 1992ರಲ್ಲಿ ಆ ಸಂಸ್ಥೆಗಳ ಅವಧಿ ಮುಗಿದಾಗ ಬಂಗಾರಪ್ಪ ಸರ್ಕಾರ ಚುನಾವಣೆ ನಡೆಸಲಿಲ್ಲ, ಆಡಳಿತಾಧಿಕಾರಿಗಳನ್ನು ಕೂರಿಸಿತು. ದೇಶಕ್ಕೆ ಮಾದರಿ ಎನಿಸಿಕೊಂಡ ವ್ಯವಸ್ಥೆ ಒಂದು ಆದೇಶದ ಮೂಲಕ ನಿಂತಿತು. ಇಂಥ ಅನುಭವಗಳಿಂದಲೇ 73 ಮತ್ತು 74ನೇ ತಿದ್ದುಪಡಿಗಳಲ್ಲಿ ಬಿಗಿ ಮಾತು ಸೇರಿತು. ಪಂಚಾಯಿತಿಗಳ ಅವಧಿ ಐದು ವರ್ಷ, ಅದಕ್ಕಿಂತ ಒಂದು ದಿನವೂ ಹೆಚ್ಚಿಲ್ಲ. ಅವಧಿ ಮುಗಿಯುವ ಮೊದಲೇ ಮುಂದಿನ ಚುನಾವಣೆ ಮುಗಿದಿರಬೇಕು ಎನ್ನುತ್ತದೆ 243ಇ ವಿಧಿ. ನಗರ ಸಂಸ್ಥೆಗಳಿಗೆ 243ಯು ಇದೇ ನಿಯಮ ಹಾಕುತ್ತದೆ. ಈ ಗಡುವು ಕಡ್ಡಾಯ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2006ರಲ್ಲಿ ಕಿಶನ್ ಸಿಂಗ್ ತೋಮರ್ ಪ್ರಕರಣದಲ್ಲಿ ಖಚಿತಪಡಿಸಿತು.

ಇಷ್ಟು ಸ್ಪಷ್ಟವಾದ ನಿಯಮ ಮುರಿಯಲು ಕಾರಣಗಳಿಗೆ ಬರವಾಗಲಿಲ್ಲ. 2021ರಲ್ಲಿ ಕೋವಿಡ್ ಇತ್ತು. ಅದೇ ವರ್ಷ ರಾಜ್ಯ ಸರ್ಕಾರ ಕಾಯ್ದೆ ತಿದ್ದಿ, ಕ್ಷೇತ್ರ ಮರುವಿಂಗಡಣೆ ಮಾಡುವ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದ ಕೈಯಿಂದ ತೆಗೆದು ಪ್ರತ್ಯೇಕ ಆಯೋಗಕ್ಕೆ ಕೊಟ್ಟಿತು. ಚುನಾವಣಾ ಆಯೋಗ ಆಗಲೇ ಸಿದ್ಧಪಡಿಸಿದ್ದ ಕೆಲಸ ಮೂಲೆ ಸೇರಿತು. ಹಿಂದುಳಿದ ವರ್ಗಗಳಿಗೆ ಮೀಸಲಾತಿ ಕೊಡುವ ಮೊದಲು ಮೂರು ಹಂತದ ಪರೀಕ್ಷೆ ಮಾಡಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದರಿಂದ 2022ರಲ್ಲಿ ನಿವೃತ್ತ ನ್ಯಾಯಮೂರ್ತಿ ಕೆ. ಭಕ್ತವತ್ಸಲ ಆಯೋಗ ಬಂತು. ವಿಳಂಬ ಕಂಡು ಬೇಸತ್ತ ಹೈಕೋರ್ಟ್ 2022ರ ಡಿಸೆಂಬರ್‌ನಲ್ಲಿ ಸರ್ಕಾರಕ್ಕೆ 5 ಲಕ್ಷ ರೂಪಾಯಿ ದಂಡ ಹಾಕಿತು. 2023ರಲ್ಲಿ ಸರ್ಕಾರ ಬದಲಾಯಿತು, ಪಕ್ಷ ಬದಲಾಯಿತು. ಜಿಲ್ಲಾ ಪಂಚಾಯಿತಿ ಸಭಾಂಗಣದ ಸ್ಥಿತಿ ಬದಲಾಗಲಿಲ್ಲ. ಒಂದೊಂದು ಕಾರಣಕ್ಕೂ ಸ್ವಲ್ಪ ತೂಕವಿದೆ ಎಂದು ಒಪ್ಪಬಹುದು. ಎಲ್ಲವನ್ನೂ ಕೂಡಿಸಿದರೆ ಬರುವ ಮೊತ್ತ ನಾಲ್ಕು ವರ್ಷ ದಾಟಿದ ಅಧಿಕಾರಿಗಳ ಆಡಳಿತ.

ಕೋವಿಡ್ ಕಾರಣ ಎಷ್ಟು ನಿಲ್ಲುತ್ತದೆ ಎಂದು ನೋಡಲು ಗಡಿ ದಾಟಿದರೆ ಸಾಕು. ಕಾಸರಗೋಡಿನ ಮಂಜೇಶ್ವರ, ಪೈವಳಿಕೆ, ಎಣ್ಮಕಜೆಯ ಕನ್ನಡಿಗರು 2020ರ ಡಿಸೆಂಬರ್‌ನಲ್ಲಿ, ಸೋಂಕಿನ ನಡುವೆಯೇ, ಗ್ರಾಮ, ಬ್ಲಾಕ್, ಜಿಲ್ಲೆ ಮೂರೂ ಹಂತಕ್ಕೆ ಮತ ಹಾಕಿದರು. 2025ರ ಡಿಸೆಂಬರ್‌ನಲ್ಲಿ ಮತ್ತೆ ಹಾಕಿದರು. ಕೇರಳದಲ್ಲಿ 1995ರಿಂದ ಐದೈದು ವರ್ಷಕ್ಕೆ ಈ ಚುನಾವಣೆ ನಡೆಯುತ್ತಿದೆ. ಅಲ್ಲಿ ಯಾವ ರಂಗ ಅಧಿಕಾರದಲ್ಲಿದ್ದರೂ ತಾರೀಖು ತಪ್ಪಿಸುವ ಧೈರ್ಯ ಮಾಡುವುದಿಲ್ಲ. ಕ್ಷೇತ್ರ ಮರುವಿಂಗಡಣೆ ಆಯೋಗಕ್ಕೆ ರಾಜ್ಯ ಚುನಾವಣಾ ಆಯುಕ್ತರೇ ಅಧ್ಯಕ್ಷರಾಗಿರುವುದೂ ಇದಕ್ಕೊಂದು ಕಾರಣ. ಕರ್ನಾಟಕದವರೂ 2020ರ ಡಿಸೆಂಬರ್ 22 ಮತ್ತು 27ರಂದು ಗ್ರಾಮ ಪಂಚಾಯಿತಿಗೆ ಮತ ಹಾಕಿದ್ದರು. 2021ರ ಸೆಪ್ಟೆಂಬರ್ 3ರಂದು ದೊಡ್ಡಬಳ್ಳಾಪುರ ನಗರಸಭೆಗೂ ಮತದಾನ ನಡೆಯಿತು. ಮಾಸ್ಕು ಹಾಕಿಕೊಂಡು ನಗರಸಭೆಗೆ ಮತ ಹಾಕಲು ಆಗುವುದಾದರೆ ಜಿಲ್ಲಾ ಪಂಚಾಯಿತಿಗೆ ಏಕೆ ಆಗಲಿಲ್ಲ ಎಂಬುದಕ್ಕೆ ಉತ್ತರ ಸೋಂಕಿನಲ್ಲಿಲ್ಲ.

ಪಕ್ಕದ ರಾಜಧಾನಿಯದೂ ಇದೇ ಕಥೆ. ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ, ಅವಧಿ ಮುಗಿದದ್ದು 2020ರ ಸೆಪ್ಟೆಂಬರ್ 10ಕ್ಕೆ. ಆರು ವಾರದಲ್ಲಿ ಚುನಾವಣೆ ನಡೆಸಿ ಎಂದು ಹೈಕೋರ್ಟ್ ಹೇಳಿತು, ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಆಮೇಲೆ ಬಂದ ಗ್ರೇಟರ್ ಬೆಂಗಳೂರು ಕಾಯ್ದೆಯಡಿ 2025ರ ಸೆಪ್ಟೆಂಬರ್‌ನಲ್ಲಿ ಒಂದು ಪಾಲಿಕೆ ಐದಾಯಿತು, ಕಾರ್ಪೊರೇಟರ್ ಮಾತ್ರ ಒಬ್ಬರೂ ಇರಲಿಲ್ಲ. ನಗರ ಬೆಳೆದಂತೆ ಸುತ್ತಲಿನ ಹಳ್ಳಿಗಳು ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆಗಳಿಗೆ ಸೇರುತ್ತಿವೆ. ಗ್ರಾಮ ಪಂಚಾಯಿತಿ ರದ್ದಾದ ದಿನ ಸದಸ್ಯರು ಮನೆಗೆ ಹೋಗುತ್ತಾರೆ; ಹೊಸ ಸಂಸ್ಥೆಗೆ ಚುನಾವಣೆ ನಡೆಯುವವರೆಗೆ ಆಡಳಿತಾಧಿಕಾರಿ ಇರುತ್ತಾರೆ. 2007ರಲ್ಲಿ ಬೆಂಗಳೂರಿಗೆ ಸೇರಿದ 110 ಹಳ್ಳಿಗಳ ಜನ ತಮ್ಮ ಮೊದಲ ಕಾರ್ಪೊರೇಟರ್ ಮುಖ ನೋಡಿದ್ದು 2010ರಲ್ಲಿ.

ಬೀರಸಂದ್ರದ ಜಿಲ್ಲಾಡಳಿತ ಭವನದಲ್ಲಿ ಕಡತಗಳಂತೂ ನಿಂತಿಲ್ಲ. ಅಧಿಕಾರಿಗಳು ಕೆಲಸ ಮಾಡುತ್ತಿದ್ದಾರೆ, ಕೆಲವರು ಚೆನ್ನಾಗಿಯೇ ಮಾಡುತ್ತಿದ್ದಾರೆ. ಆದರೆ ಅಂಗನವಾಡಿಯ ಸೂರು ಸೋರಿದರೆ ಸಭೆಯಲ್ಲಿ ಎದ್ದು ನಿಂತು ಕೇಳುವವರಿಲ್ಲ. ಜಿಲ್ಲಾ ಯೋಜನಾ ಸಮಿತಿಯ ಐದರಲ್ಲಿ ನಾಲ್ಕು ಪಾಲು ಸದಸ್ಯರು ಜಿಲ್ಲಾ ಪಂಚಾಯಿತಿ ಮತ್ತು ನಗರ ಸಂಸ್ಥೆಗಳ ಚುನಾಯಿತರಿಂದಲೇ ಬರಬೇಕು ಎನ್ನುತ್ತದೆ ಸಂವಿಧಾನ. ಚುನಾಯಿತರೇ ಇಲ್ಲದಿದ್ದರೆ ಜಿಲ್ಲೆಯ ಯೋಜನೆಯ ಮೇಲೆ ಜನರ ಮಾತು ಎಲ್ಲಿಂದ ಬರಬೇಕು? ಹಣಕಾಸು ಆಯೋಗದ ಅನುದಾನಕ್ಕೂ ಚುನಾಯಿತ ಸಂಸ್ಥೆ ಇರಬೇಕೆಂಬ ಷರತ್ತಿದೆ.

ಇದರ ಜತೆ ಈ ಜಿಲ್ಲೆಗೆ ಒಂದು ವಿಚಿತ್ರ ಪಾಲು ಬಂದಿದೆ. 'ಬೆಂಗಳೂರು ಗ್ರಾಮಾಂತರ' ಎಂಬ ಲೋಕಸಭಾ ಕ್ಷೇತ್ರದಲ್ಲಿ ಕನಕಪುರ, ರಾಮನಗರ, ಮಾಗಡಿ, ಕುಣಿಗಲ್, ಆನೇಕಲ್ ಇವೆ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನಾಲ್ಕು ತಾಲ್ಲೂಕಿನಲ್ಲಿ ಒಂದೂ ಇಲ್ಲ. ನಾಲ್ಕೂ ಚಿಕ್ಕಬಳ್ಳಾಪುರ ಕ್ಷೇತ್ರಕ್ಕೆ ಸೇರಿವೆ. ಬಾಗೇಪಲ್ಲಿಯಿಂದ ನೆಲಮಂಗಲದವರೆಗೆ ಹರಡಿದ ಕ್ಷೇತ್ರದ ಸಂಸದರನ್ನು ಕಾಣುವುದು ಸಾಮಾನ್ಯರಿಗೆ ಸುಲಭವಲ್ಲ. ಹೀಗಾಗಿ ಗ್ರಾಮ ಪಂಚಾಯಿತಿ ಸದಸ್ಯರ ಮೇಲೆ ನೇರವಾಗಿ ಶಾಸಕರು. ನಡುವಿನ ಎರಡು ಮೆಟ್ಟಿಲು ಇಲ್ಲ. ಎಲ್ಲ ಅರ್ಜಿಯೂ ಶಾಸಕರ ಮನೆ ಬಾಗಿಲಿಗೇ ಹೋಗುವಾಗ ಅಧಿಕಾರವೂ ಅಲ್ಲಿಯೇ ಕೂಡಿಕೊಳ್ಳುತ್ತದೆ. ಚುನಾವಣೆ ಮುಂದೂಡಿದರೆ ಹೆಚ್ಚಿನ ಶಾಸಕರು ತಕರಾರು ಎತ್ತದಿರುವುದರಲ್ಲಿ ಆಶ್ಚರ್ಯವಿಲ್ಲ.

ಚನ್ನರಾಯಪಟ್ಟಣದ 1,198 ದಿನ

ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳು ಖಾಲಿಯಾಗಿ ಒಂದು ವರ್ಷವೂ ತುಂಬುವ ಮೊದಲು, 2022ರ ಆರಂಭದಲ್ಲಿ, ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಜಮೀನಿಗೆ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ (ಕೆಐಎಡಿಬಿ) ಭೂಸ್ವಾಧೀನ ಅಧಿಸೂಚನೆ ಬಂತು. ಉದ್ದೇಶ ವೈಮಾನಿಕ ಮತ್ತು ರಕ್ಷಣಾ ಕೈಗಾರಿಕೆಗಳ ಪಾರ್ಕು. 2008ರಲ್ಲಿ ಶುರುವಾದ ವಿಮಾನ ನಿಲ್ದಾಣಕ್ಕೆ, ಆಮೇಲಿನ ಕೈಗಾರಿಕಾ ಪ್ರದೇಶಗಳಿಗೆ ಜಮೀನು ಕೊಟ್ಟ ತಾಲ್ಲೂಕಿದು. ದ್ರಾಕ್ಷಿ, ಹಿಪ್ಪುನೇರಳೆ, ರಾಗಿ, ತರಕಾರಿ, ಹೈನು ಇಟ್ಟುಕೊಂಡು ಬದುಕುತ್ತಿರುವ ಕುಟುಂಬಗಳು ಈ ಸಲ ಕೊಡುವುದಿಲ್ಲ ಎಂದವು. ಏಪ್ರಿಲ್ 4ರಿಂದ ಚನ್ನರಾಯಪಟ್ಟಣದಲ್ಲಿ ಧರಣಿ ಶುರುವಾಯಿತು.

ಕಾನೂನಿನ ದಾರಿ ಹೇಗಿದೆ ನೋಡಬೇಕು. ಸಂಸತ್ತು 2013ರಲ್ಲಿ ಮಾಡಿದ ಭೂಸ್ವಾಧೀನ ಕಾಯ್ದೆಯಲ್ಲಿ ಸಾಮಾಜಿಕ ಪರಿಣಾಮದ ಅಧ್ಯಯನವಿದೆ. ಖಾಸಗಿ ಕಂಪನಿಗಾಗಿ ಜಮೀನು ತೆಗೆದುಕೊಳ್ಳುವಾಗ ನೂರಕ್ಕೆ 80 ಮಂದಿಯ ಒಪ್ಪಿಗೆ ಬೇಕು. 1966ರ ಕೆಐಎಡಿಬಿ ಕಾಯ್ದೆಯಲ್ಲಿ ಈ ಹಂತಗಳಿಲ್ಲ. 28(1)ರ ಪ್ರಾಥಮಿಕ ಅಧಿಸೂಚನೆ, ಆಕ್ಷೇಪಣೆಗಳ ವಿಚಾರಣೆ, ಆಮೇಲೆ 28(4)ರ ಅಂತಿಮ ಅಧಿಸೂಚನೆ. ಆಕ್ಷೇಪಣೆ ಕೇಳಬೇಕು, ಒಪ್ಪಲೇಬೇಕು ಎಂದೇನಿಲ್ಲ. ಗ್ರಾಮಸಭೆಯ ಒಪ್ಪಿಗೆ ಬೇಕಿಲ್ಲ. ಸರಿ, ಜಿಲ್ಲಾ ಪಂಚಾಯಿತಿ ಇದ್ದಿದ್ದರೂ ಅದು ಅಧಿಸೂಚನೆಯನ್ನು ತಡೆಯಲು ಆಗುತ್ತಿರಲಿಲ್ಲ. ಆದರೆ ಆ ಹೋಬಳಿಯಿಂದ ಗೆದ್ದ ಸದಸ್ಯರೊಬ್ಬರು ತುಂಬಿದ ಸಭೆಯಲ್ಲಿ ವಿಷಯ ಎತ್ತುತ್ತಿದ್ದರು, ಅಧಿಕಾರಿಗಳು ಉತ್ತರ ಕೊಡಬೇಕಾಗುತ್ತಿತ್ತು, ನಿರ್ಣಯ ದಾಖಲಾಗುತ್ತಿತ್ತು. ಆ ವೇದಿಕೆ ಇಲ್ಲದ್ದರಿಂದ ರೈತರಿಗೆ ಉಳಿದದ್ದು ಶಾಮಿಯಾನ.

ವಿರೋಧ ಪಕ್ಷದಲ್ಲಿದ್ದಾಗ ಸಿದ್ದರಾಮಯ್ಯ ಧರಣಿಗೆ ಬಂದು ಬೆಂಬಲ ಹೇಳಿದ್ದರು. 2023ರಲ್ಲಿ ಅವರೇ ಮುಖ್ಯಮಂತ್ರಿಯಾದರು. ಧರಣಿ ಮಾತ್ರ ಇನ್ನೂ ಎರಡು ವರ್ಷ ಮುಂದುವರಿಯಿತು. 2025ರ ಜೂನ್‌ನಲ್ಲಿ ಸುಮಾರು 500 ಎಕರೆ ಬಿಡುವ ಪ್ರಸ್ತಾಪ ಬಂತು, ರೈತರು ಒಪ್ಪಲಿಲ್ಲ. ಜೂನ್ 25ರ 'ದೇವನಹಳ್ಳಿ ಚಲೋ' ದಿನ ಪೊಲೀಸರು ಧರಣಿ ಕುಳಿತವರನ್ನು ಎತ್ತಿ ವಾಹನಗಳಿಗೆ ಹತ್ತಿಸಿದರು. ಹೋರಾಟ ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಬಂತು. ಸಂಯುಕ್ತ ಹೋರಾಟದ ಸಂಘಟನೆಗಳು, ದಲಿತ ಸಂಘಟನೆಗಳು, ಕಾರ್ಮಿಕ ಸಂಘಗಳು, ನಟ ಪ್ರಕಾಶ್ ರಾಜ್ ಅವರಂಥವರು ಜತೆಗೂಡಿದರು. ಜುಲೈ 15ರಂದು ಮುಖ್ಯಮಂತ್ರಿ ಭೂಸ್ವಾಧೀನ ಕೈಬಿಡುವುದಾಗಿ ಪ್ರಕಟಿಸಿದರು. ಧರಣಿಗೆ ಅಂದು 1,198ನೇ ದಿನ.

ಸ್ವಂತ ಇಚ್ಛೆಯಿಂದ ಜಮೀನು ಕೊಡುವವರಿಂದ ತೆಗೆದುಕೊಳ್ಳುತ್ತೇವೆ ಎಂದೂ ಸರ್ಕಾರ ಹೇಳಿತು. ಅದೇ ದಿನ ಆಂಧ್ರದ ಸಚಿವ ನಾರಾ ಲೋಕೇಶ್ ವೈಮಾನಿಕ ಕಂಪನಿಗಳನ್ನು ತಮ್ಮ ರಾಜ್ಯಕ್ಕೆ ಕರೆದರು. ಕೈಗಾರಿಕೆ ಬೇಡವೇ, ಕೆಲಸ ಬೇಡವೇ ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಓದಿದ ಮಕ್ಕಳಿರುವ ಎಷ್ಟೋ ರೈತ ಮನೆಗಳಲ್ಲೇ ಅದು ಕೇಳಿಬರುತ್ತದೆ. ಅದನ್ನು ತೀರ್ಮಾನಿಸಬೇಕಾದದ್ದು ಜಮೀನು ಕಳೆದುಕೊಳ್ಳುವವರು, ಕೆಲಸ ಬಯಸುವವರು, ಯೋಜನೆ ತರುವವರು ಎದುರುಬದುರು ಕೂತು ಮಾತಾಡುವ ಜಾಗದಲ್ಲಿ, ಅಧಿಸೂಚನೆ ಹೊರಡುವ ಮೊದಲು. ಮೂರು ವರ್ಷ ಮೂರು ತಿಂಗಳು ಬೀದಿಯಲ್ಲಿ ಕೂತು ಗಳಿಸಿದ ಉತ್ತರ ಸಂತೋಷದ್ದೇ. ಅಷ್ಟು ದಿನ ಕೂರಬೇಕಾಯಿತು ಎಂಬುದು ವ್ಯವಸ್ಥೆಯ ಸೋಲು.

ದೊಡ್ಡಬಳ್ಳಾಪುರದ ದೊಡ್ಡತುಮಕೂರು, ಮಜರಾಹೊಸಹಳ್ಳಿಯ ಜನರದೂ ಇದೇ ಬಗೆಯ ಪಾಡು. ನಗರದ ಕೊಳಚೆ, ಕೈಗಾರಿಕಾ ಪ್ರದೇಶದ ತ್ಯಾಜ್ಯ ತಮ್ಮ ಕೆರೆಗಳಿಗೆ ಬರುತ್ತಿದೆ ಎಂದು ಅವರು ವರ್ಷಗಟ್ಟಲೆ ಹೋರಾಡಿದ್ದಾರೆ. ಕೊಳಚೆ ನಗರದ್ದು, ಕೆರೆ ಹಳ್ಳಿಯದು. ಎರಡೂ ಕಡೆಯವರನ್ನು ಒಟ್ಟಿಗೆ ಕೂರಿಸಬೇಕಾದದ್ದು ತಾಲ್ಲೂಕು, ಜಿಲ್ಲಾ ಮಟ್ಟದ ಸಭೆ.

ಗೆದ್ದವರು ದಾಟಿದಾಗ

ಹೊಸಕೋಟೆಯ ಆ ಉಪಚುನಾವಣೆಗೆ ಮರಳಬೇಕು. 2018ರಲ್ಲಿ ಕಾಂಗ್ರೆಸ್‌ನಿಂದ ಗೆದ್ದಿದ್ದ ಎಂ.ಟಿ.ಬಿ. ನಾಗರಾಜ್ 2019ರ ಜುಲೈನಲ್ಲಿ ರಾಜೀನಾಮೆ ಕೊಟ್ಟರು. ಹೀಗೆ ದಾಟಿ ಅನರ್ಹರಾದ 17 ಶಾಸಕರಿಂದ ಮೈತ್ರಿ ಸರ್ಕಾರ ಬಿತ್ತು. ಅನರ್ಹತೆ ಸರಿ, ಆದರೆ ಅವಧಿ ಮುಗಿಯುವವರೆಗೆ ಸ್ಪರ್ಧಿಸಬಾರದು ಎಂಬ ನಿರ್ಬಂಧ ಸರಿಯಲ್ಲ ಎಂದು ಸುಪ್ರೀಂ ಕೋರ್ಟ್ 2019ರ ನವೆಂಬರ್ 13ರಂದು ತೀರ್ಪು ಕೊಟ್ಟಿತು. ನಾಗರಾಜ್ ಬಿಜೆಪಿಯಿಂದ ಕಣಕ್ಕಿಳಿದರು. ಸಾವಿರ ಕೋಟಿ ರೂಪಾಯಿಗೂ ಮೀರಿದ ಆಸ್ತಿ ಘೋಷಿಸಿದ್ದ ಅಭ್ಯರ್ಥಿ ಅವರು. 15 ಕ್ಷೇತ್ರಗಳಲ್ಲಿ ಬಿಜೆಪಿ 12 ಗೆದ್ದಿತು, ಹೊಸಕೋಟೆ ಗೆಲ್ಲಲಿಲ್ಲ. ಪಕ್ಷೇತರ ಶರತ್ ಬಚ್ಚೇಗೌಡ ಗೆದ್ದರು.

ಇದನ್ನು ಸರಳ ಜನವಿಜಯ ಎಂದು ಬರೆದುಬಿಡುವುದು ಸುಲಭ. ಗೆದ್ದವರೂ ತಾಲ್ಲೂಕಿನ ಹಳೆಯ ರಾಜಕೀಯ ಮನೆತನದವರು, ಆಗಿನ ಬಿಜೆಪಿ ಸಂಸದರ ಮಗ. ಸೋತವರು 2020ರಲ್ಲಿ ವಿಧಾನ ಪರಿಷತ್ ಸದಸ್ಯರಾದರು, 2021ರ ಜನವರಿಯಲ್ಲಿ ಸಚಿವರೂ ಆದರು. ಮತದಾರರು ಮುಚ್ಚಿದ ಬಾಗಿಲಿಗೆ ಪಕ್ಕದಲ್ಲೇ ಇನ್ನೊಂದು ಬಾಗಿಲಿತ್ತು. 1985ರ ಪಕ್ಷಾಂತರ ನಿಷೇಧ ಕಾಯ್ದೆಗೆ ರಾಜೀನಾಮೆಯ ಕಳ್ಳದಾರಿ ಕಂಡುಹಿಡಿದದ್ದು ಕರ್ನಾಟಕ. 2008ರಿಂದ ಅದಕ್ಕೆ 'ಆಪರೇಷನ್ ಕಮಲ' ಎಂಬ ಹೆಸರೇ ಇದೆ. ದಾಟಿ ಬಂದವರಿಗೆ ಟಿಕೆಟ್ ಕೊಡುವುದರಲ್ಲಿ ಬೇರೆ ಪಕ್ಷಗಳೂ ಹಿಂದೆ ಬಿದ್ದಿಲ್ಲ.

ಇದೇ ರಾಜ್ಯ ಇದಕ್ಕೆ ವಿರುದ್ಧವಾದ ಕೊಡುಗೆಯನ್ನೂ ಕೊಟ್ಟಿದೆ. 1989ರಲ್ಲಿ ವಜಾಗೊಂಡ ಎಸ್.ಆರ್. ಬೊಮ್ಮಾಯಿ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 1994ರಲ್ಲಿ ಒಂದು ನಿಯಮ ಹಾಕಿದರು. ಬಹುಮತದ ಪರೀಕ್ಷೆ ಸದನದಲ್ಲಿ ನಡೆಯಬೇಕು, ರಾಜಭವನದಲ್ಲಲ್ಲ. ಆಮೇಲೆ ರಾಷ್ಟ್ರಪತಿ ಆಳ್ವಿಕೆ ಹೇರುವುದು ಅಪರೂಪವಾಯಿತು.

ಪಟ್ಟಿಯೊಳಗಿನ ಹೆಸರು

ಮತದಾರರ ಪಟ್ಟಿಯನ್ನು ಯಾರೂ ಓದುವುದಿಲ್ಲ. ಹೆಸರು ಇಲ್ಲ ಎಂದು ಗೊತ್ತಾಗುವುದು ಮತದಾನದ ದಿನ. 2023ರ ವಿಧಾನಸಭಾ ಚುನಾವಣೆಗೆ ಮುನ್ನ ಕಲಬುರಗಿ ಜಿಲ್ಲೆಯ ಆಳಂದದಲ್ಲಿ ಹೆಸರು ತೆಗೆಯಲು ಆನ್‌ಲೈನ್‌ನಲ್ಲಿ 6,018 ಅರ್ಜಿಗಳು ಬಂದವು. ಪರಿಶೀಲಿಸಿದಾಗ ನಿಜವಾದವು 24 ಮಾತ್ರ ಎಂದು ಚುನಾವಣಾ ಆಯೋಗವೇ ಹೇಳಿದೆ. ಉಳಿದ 5,994 ಅರ್ಜಿ ತಿರಸ್ಕೃತವಾದವು, ಪೊಲೀಸ್ ದೂರು ದಾಖಲಾಯಿತು. ಅದಕ್ಕೂ ಮುಂಚೆ, 2022ರ ನವೆಂಬರ್‌ನಲ್ಲಿ, ಬೆಂಗಳೂರಿನಲ್ಲಿ ಮತದಾರರ ಜಾಗೃತಿಗೆಂದು ಅನುಮತಿ ಪಡೆದ ಸಂಸ್ಥೆಯೊಂದು ಮನೆಮನೆಗೆ ಹೋಗಿ ಜನರ ವಿವರ ಸಂಗ್ರಹಿಸಿದ ಆರೋಪ ಬಂತು. ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರದ ಪಟ್ಟಿಗಳ ಮರುಪರಿಶೀಲನೆಗೆ ಆಯೋಗ ಆದೇಶಿಸಿತು.

ಆಳಂದದ ಮತಗಳನ್ನು ಉಳಿಸಿದ್ದು ಮನೆ ಬಾಗಿಲಿಗೆ ಹೋಗಿ ಕೇಳಿದ ಮತಗಟ್ಟೆ ಮಟ್ಟದ ಅಧಿಕಾರಿಗಳು. ಹೊಸಕೋಟೆಯ ಗೋದಾಮುಗಳು, ನೆಲಮಂಗಲದ ಹೊಸ ಬಡಾವಣೆಗಳು, ಬಾಡಿಗೆ ಮನೆಗಳಲ್ಲಿ ವರ್ಷಕ್ಕೊಮ್ಮೆ ಬದಲಾಗುವ ಕಾರ್ಮಿಕ ಕುಟುಂಬಗಳು ಇರುವ ಈ ಜಿಲ್ಲೆಯಲ್ಲಿ ಆ ಕೆಲಸ ಇನ್ನೂ ಕಷ್ಟ. ಅದನ್ನು ಮಾಡುವವರು ಹೆಚ್ಚಾಗಿ ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು. ಮೂಲ ಕೆಲಸದ ಜತೆಗೆ ಇದೂ ಅವರ ಹೆಗಲಿಗೆ.

ಪಟ್ಟಿ ಸರಿ ಇದ್ದರೂ ಊರಿನ ಯಜಮಾನಿಕೆ ಮತವನ್ನು ನುಂಗಬಲ್ಲದು. 2020ರ ಡಿಸೆಂಬರ್‌ನ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ರಾಜ್ಯದ ಹಲವು ಜಿಲ್ಲೆಗಳಿಂದ ಸದಸ್ಯ ಸ್ಥಾನ ಹರಾಜು ಹಾಕಿದ ಸುದ್ದಿ ಬಂತು. ದೇವಸ್ಥಾನಕ್ಕೆ ದುಡ್ಡು ಕೊಟ್ಟವರು ಅವಿರೋಧ ಆಯ್ಕೆ. ಇದಕ್ಕೆ ಸರ್ಕಾರವನ್ನಷ್ಟೇ ದೂರಿ ಪ್ರಯೋಜನವಿಲ್ಲ. ಅಂಬೇಡ್ಕರ್ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಕೊಟ್ಟ ಎಚ್ಚರಿಕೆ ಇಂಥ ಕಡೆಗೇ ಬೆರಳು ತೋರಿಸುತ್ತದೆ: ಸಮಾಜದಲ್ಲಿ ಸಮಾನತೆ ಇಲ್ಲದೆ ರಾಜಕೀಯದ ಸಮಾನತೆ ಬಹಳ ಕಾಲ ನಿಲ್ಲದು.

ಕಾವಲು ಕಾಯುವವರು

ನಾಜೂಕು ಎಂದರೆ ನಿಸ್ಸಹಾಯಕ ಎಂದಲ್ಲ. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಕೆಡಿಸುವಂತಿಲ್ಲ ಎಂಬ ತತ್ವ ಬಂದದ್ದು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿ ಹೂಡಿದ ಮೊಕದ್ದಮೆಯಿಂದ. 1973ರ ಏಪ್ರಿಲ್ 24ರಂದು 13 ನ್ಯಾಯಮೂರ್ತಿಗಳ ಪೀಠ 7–6ರ ಅಂತರದಲ್ಲಿ ತೀರ್ಪು ಕೊಟ್ಟಿತು. ಒಬ್ಬರೇ ಒಬ್ಬರ ಮತದಿಂದ ಉಳಿದ ತತ್ವ. ಬಹುಮತದ ಕಡೆ ಇದ್ದ ನ್ಯಾಯಮೂರ್ತಿಗಳಲ್ಲಿ ಕನ್ನಡ ನಾಡಿನ ಕೆ.ಎಸ್. ಹೆಗ್ಡೆ ಒಬ್ಬರು. ಬೆನ್ನಿಗೇ ಹೆಗ್ಡೆ ಸೇರಿ ಮೂವರು ಹಿರಿಯರನ್ನು ಬಿಟ್ಟು ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಯಿತು. ಮೂವರೂ ರಾಜೀನಾಮೆ ಕೊಟ್ಟರು.

ಲೋಕಾಯುಕ್ತದ ಕಥೆ ಇನ್ನೂ ಹತ್ತಿರದ್ದು. 1984ರ ಕಾಯ್ದೆಯಿಂದ ಬಂದ ಸಂಸ್ಥೆ, 2011ರ ಗಣಿ ವರದಿಯ ಕಾಲಕ್ಕೆ ದೇಶದ ಗಮನ ಸೆಳೆದಿತ್ತು. 2016ರಲ್ಲಿ ಕಾಂಗ್ರೆಸ್ ಸರ್ಕಾರ ಭ್ರಷ್ಟಾಚಾರ ನಿಗ್ರಹ ದಳ ರಚಿಸಿ ಅದರ ತನಿಖಾ ಬಲ ಕಿತ್ತುಕೊಂಡಿತು. ಮುಂದೆ ಬಂದ ಬಿಜೆಪಿ ಸರ್ಕಾರ ಅದನ್ನು ಹಾಗೆಯೇ ಇಟ್ಟುಕೊಂಡಿತು. 2022ರ ಆಗಸ್ಟ್ 11ರಂದು ಹೈಕೋರ್ಟ್ ಆ ದಳವನ್ನೇ ರದ್ದು ಮಾಡಿತು. ಆರು ವರ್ಷ ಮಂಕಾದ ಸಂಸ್ಥೆ ಮತ್ತೆ ಎದ್ದು ಬಂದದ್ದಕ್ಕೆ ಕಾರಣ, ಕೆಲವರು ಬಿಡದೆ ನ್ಯಾಯಾಲಯಕ್ಕೆ ಅಲೆದದ್ದು.

ಮಾಡಬೇಕಾದ ಕೆಲಸ

ದುರಸ್ತಿಯ ಪಟ್ಟಿ ಉದ್ದವೇನಿಲ್ಲ. ಮೊದಲನೆಯದು ತಾರೀಖು. ಕ್ಷೇತ್ರ ಮರುವಿಂಗಡಣೆ ಮತ್ತು ಮೀಸಲಾತಿ ಪಟ್ಟಿಯ ಕೆಲಸ ರಾಜ್ಯ ಚುನಾವಣಾ ಆಯೋಗಕ್ಕೆ ಹೋಗಬೇಕು, ಕೇರಳದಲ್ಲಿ ಮರುವಿಂಗಡಣೆಯ ಮಟ್ಟಿಗೆ ಇರುವಂತೆ. ಚುನಾವಣೆ ಎದುರಿಸಬೇಕಾದವರೇ ಚುನಾವಣೆಯ ಕೀಲಿ ಇಟ್ಟುಕೊಂಡಿರುವವರೆಗೆ ಹೈಕೋರ್ಟಿನ ದಂಡವೂ ಖಜಾನೆಯ ಇನ್ನೊಂದು ಖರ್ಚು ಅಷ್ಟೆ. 2020ರಲ್ಲಿ ಆಯ್ಕೆಯಾದ ಗ್ರಾಮ ಪಂಚಾಯಿತಿಗಳ ಅವಧಿಯೂ 2026ರ ಆರಂಭಕ್ಕೆ ಮುಗಿಯುವಂಥದ್ದು. ಅಲ್ಲಿಯೂ ಆಡಳಿತಾಧಿಕಾರಿಗಳೇ ಮುಂದುವರಿದರೆ ಹಳ್ಳಿಯವರಿಗೆ ಊರಿನ ಮಟ್ಟದಲ್ಲಿ ಮತದ ಹಕ್ಕು ಎಂಬುದೇ ಉಳಿಯದು.

ಎರಡನೆಯದು ಭೂಮಿ. ಕೆಐಎಡಿಬಿ ಕಾಯ್ದೆಗೆ ಗ್ರಾಮಸಭೆಯ ವಿಚಾರಣೆ, ಸಾಮಾಜಿಕ ಪರಿಣಾಮದ ಅಧ್ಯಯನ ಸೇರಬೇಕು. ಕೈಗಾರಿಕೆಗೂ ಇದು ಒಳ್ಳೆಯದೇ. 1,198 ದಿನ ಕಾದು ಕೊನೆಗೆ ಜಮೀನಿಲ್ಲ ಎನ್ನಿಸಿಕೊಳ್ಳುವುದಕ್ಕಿಂತ ಆರು ತಿಂಗಳಲ್ಲಿ ಹೌದು ಅಥವಾ ಇಲ್ಲ ಎಂಬ ಉತ್ತರ ಸಿಗುವುದು ಮೇಲು. ಮೂರನೆಯದು ಪಕ್ಷಾಂತರ. ಅನರ್ಹತೆಯ ತೀರ್ಮಾನ ಮೂರು ತಿಂಗಳಲ್ಲಿ ಆಗಬೇಕು, ಅದನ್ನು ಸ್ಪೀಕರ್ ಬದಲು ಸ್ವತಂತ್ರ ನ್ಯಾಯಮಂಡಳಿಗೆ ಕೊಡುವ ಬಗ್ಗೆ ಸಂಸತ್ತು ಯೋಚಿಸಲಿ ಎಂದು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಮಣಿಪುರದ ಪ್ರಕರಣದಲ್ಲಿ ಹೇಳಿದೆ. ಸಂಸತ್ತು ಆ ಕಡೆ ನೋಡಿಲ್ಲ.

ಉಳಿದದ್ದು ಜನರ ಕೈಯಲ್ಲಿದೆ. ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆ ವಾರ್ಡ್ ಸಭೆ, ಗ್ರಾಮಸಭೆಗಳನ್ನು ಆರು ತಿಂಗಳಿಗೊಮ್ಮೆ ಕರೆಯಲು ಹೇಳುತ್ತದೆ. ಮನೆ ಮಂಜೂರಾತಿಯ ಪಟ್ಟಿ ಇದ್ದಾಗ ಮಾತ್ರ ತುಂಬುವ ಆ ಸಭೆಗಳಲ್ಲಿ ಕರಡು ಮತದಾರರ ಪಟ್ಟಿ ಓದಿಸಬಹುದು, ಊರಿನ ಜಮೀನಿನ ಮೇಲೆ ಯಾವ ಅಧಿಸೂಚನೆ ಇದೆ ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯನ್ನು (ಪಿಡಿಒ) ಕೇಳಬಹುದು, ನಿರ್ಣಯ ಬರೆಸಿ ನಕಲು ಪಡೆಯಬಹುದು. ದೇಶಕ್ಕಿಂತ ಐದು ವರ್ಷ ಮೊದಲೇ, 2000ದಲ್ಲೇ, ಮಾಹಿತಿ ಹಕ್ಕಿನ ಕಾಯ್ದೆ ಮಾಡಿದ ರಾಜ್ಯವಿದು.

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಮತದಾರರು ಮುಂದಿನ ಸಲ ಮನೆಗೆ ಮತ ಕೇಳಲು ಬಂದವರನ್ನು, ಅವರು ಯಾವ ಪಕ್ಷದವರೇ ಆಗಿರಲಿ, ಮೊದಲು ಒಂದು ಪ್ರಶ್ನೆ ಕೇಳಲಿ: ಜಿಲ್ಲಾ ಪಂಚಾಯಿತಿ ಮತ್ತು ತಾಲ್ಲೂಕು ಪಂಚಾಯಿತಿಗೆ ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಸುವಂತೆ ಸದನದಲ್ಲಿ ನೀವು ಎಷ್ಟು ಸಲ ಒತ್ತಾಯಿಸಿದ್ದೀರಿ? ಉತ್ತರ ಬರುವವರೆಗೆ ಬೇರೆ ಭರವಸೆಗಳ ಮಾತು ಕಾಯಲಿ.